ಪುಟದಲ್ಲಿ ಅಡಗಿದ್ದು ಯಾರ ಮಾತು?

ಪತ್ರಿಕೆಯ ಮುಖಪುಟದ ಫೋಟೊವೊಂದು ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಅದರ ಮೇಲೆ ಎರಡು ಮೂರು ಕಡೆ ಕೆಂಪು ಸುತ್ತು. ಒಬ್ಬ ನಾಯಕನ ಚಿತ್ರಕ್ಕೆ ಅಂಟಿಕೊಂಡಂತೆ ಯಾವುದೋ ಅಪರಾಧ ಸುದ್ದಿಯ ಶೀರ್ಷಿಕೆ ಇರುತ್ತದೆ, ಇಲ್ಲವೇ ಶೀರ್ಷಿಕೆಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ಬೇರೊಂದು ಪದ ಹೊರಡುತ್ತದೆ. ಕೆಳಗೆ ಒಂದು ಸಾಲು: ‘ಈ ಪತ್ರಿಕೆಯ ಮಾಲೀಕ ಯಾರು ಅಂತ ಗೊತ್ತಲ್ಲ?’ ಓದಿದವರು ಇನ್ನೊಬ್ಬರಿಗೆ ಕಳಿಸುತ್ತಾರೆ. ಅಷ್ಟಕ್ಕೆ ಆ ದಿನದ ಪತ್ರಿಕಾ ವಿಮರ್ಶೆ ಮುಗಿಯಿತು.

ಈ ಒಂದು ಸಾಲಿನಲ್ಲಿ ಎರಡು ಅನುಮಾನಗಳು ಹೆಣೆದುಕೊಂಡಿವೆ. ದೊಡ್ಡ ಬಂಡವಾಳಗಾರರ ಕೈಯಲ್ಲಿರುವ ಪತ್ರಿಕೆ ಅವರ ಹಿತಕ್ಕೆ ತಕ್ಕ ಹಾಗೆ ಸುದ್ದಿ ಕೊಡುತ್ತದೆ ಎನ್ನುವುದು ಮೊದಲನೆಯದು. ಆ ಹಿತ ಪುಟವಿನ್ಯಾಸದೊಳಗೆ ಗುಪ್ತ ಸಂಕೇತವಾಗಿ ಕೂತಿರುತ್ತದೆ, ಚುರುಕು ಕಣ್ಣಿದ್ದವರು ಅದನ್ನು ಬಿಡಿಸಬಹುದು ಎನ್ನುವುದು ಎರಡನೆಯದು. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ತಿರುವಿ ಹಾಕುವುದೇ ಸಂಶೋಧನೆಯ ದಿನಚರಿಯಾಗಿರುವ ನನ್ನಂಥವರಿಗೆ ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅಗತ್ಯ ಅನ್ನಿಸುತ್ತದೆ. ಮೊದಲನೆಯದಕ್ಕೆ ಗಟ್ಟಿಯಾದ ಇತಿಹಾಸವಿದೆ. ಎರಡನೆಯದಕ್ಕೂ ಇತಿಹಾಸವಿದೆ, ಆದರೆ ಅದು ಸಾಗುವುದು ಬೇರೆ ದಿಕ್ಕಿನಲ್ಲಿ. ಭಾರತದ ಪತ್ರಿಕೆಗಳ ಪುಟಗಳಲ್ಲಿ ನಿಜಕ್ಕೂ ಗುಟ್ಟಿನ ಮಾತು ಇಟ್ಟವರನ್ನು ಹುಡುಕುತ್ತಾ ಹೋದರೆ ಸಿಗುವವರು ಮಾಲೀಕರಲ್ಲ, ಬಾಯಿ ಕಟ್ಟಿಸಿಕೊಂಡವರು. ಮಾಲೀಕರಿಗೆ ಸಂಕೇತದ ಅಗತ್ಯವೇ ಇರಲಿಲ್ಲ.

ಪದಬಂಧದಲ್ಲಿ ಸಿಕ್ಕ ಯುದ್ಧರಹಸ್ಯ

ಸಂಕೇತ ಹುಡುಕುವ ಹವ್ಯಾಸ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. 1944ರ ಮೇ ತಿಂಗಳು. ನಾರ್ಮಂಡಿಯ ಕರಾವಳಿಯಲ್ಲಿ ಸೈನ್ಯ ಇಳಿಸುವ ಸಿದ್ಧತೆ ಅತ್ಯಂತ ಗುಟ್ಟಾಗಿ ನಡೆದಿತ್ತು. ಆ ಹೊತ್ತಿನಲ್ಲೇ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಪದಬಂಧಗಳಲ್ಲಿ ಒಂದಾದ ಮೇಲೊಂದರಂತೆ ‘ಉಟಾ’, ‘ಒಮಾಹಾ’, ‘ಓವರ್‌ಲಾರ್ಡ್’, ‘ಮಲ್ಬರಿ’, ‘ನೆಪ್ಚೂನ್’ ಎಂಬ ಉತ್ತರಗಳು ಬಂದವು. ಎಲ್ಲವೂ ಆ ಕಾರ್ಯಾಚರಣೆಯ ಗುಪ್ತ ಹೆಸರುಗಳು. ಪದಬಂಧ ರಚಿಸುತ್ತಿದ್ದ ಲಿಯೊನಾರ್ಡ್ ಡಾ ಎಂಬ ಶಾಲಾ ಮುಖ್ಯೋಪಾಧ್ಯಾಯರನ್ನು ಬೇಹುಗಾರಿಕಾ ಅಧಿಕಾರಿಗಳು ವಿಚಾರಣೆ ಮಾಡಿದರು. ಏನೂ ಸಿಗಲಿಲ್ಲ. ನಲವತ್ತು ವರ್ಷಗಳ ನಂತರ, 1984ರಲ್ಲಿ, ಅವರ ಹಳೆಯ ವಿದ್ಯಾರ್ಥಿಯೊಬ್ಬರು ವಿಷಯ ತಿಳಿಸಿದರು. ಖಾಲಿ ಚೌಕಗಳಿಗೆ ಪದ ತುಂಬಿಸುವ ಕೆಲಸವನ್ನು ಮೇಷ್ಟ್ರು ಹುಡುಗರಿಗೆ ಕೊಡುತ್ತಿದ್ದರಂತೆ. ಹುಡುಗರು ಸಮೀಪದಲ್ಲಿ ಬೀಡುಬಿಟ್ಟಿದ್ದ ಸೈನಿಕರ ಬಾಯಲ್ಲಿ ಕೇಳಿದ ಪದಗಳನ್ನೇ ಬರೆದಿದ್ದರಂತೆ.

ಈ ಪ್ರಸಂಗವನ್ನು ಕೇಳಿ ನಕ್ಕು ಸುಮ್ಮನಾಗಬಾರದು. ಅಧಿಕಾರಿಗಳು ಕಂಡ ಪದಗಳು ನಿಜವಾಗಿಯೂ ಅಲ್ಲಿದ್ದವು, ಅವು ರಹಸ್ಯ ಪದಗಳೂ ಆಗಿದ್ದವು. ತಪ್ಪಿದ್ದು ಅವುಗಳ ಹಿಂದೆ ಒಂದು ಉದ್ದೇಶವಿದೆ ಎಂದು ಊಹಿಸಿದ ಕಡೆ. ಪುಟದಲ್ಲಿ ಒಂದು ಹೊಂದಾಣಿಕೆ ಕಂಡ ಕೂಡಲೇ ಅದನ್ನು ಯಾರೋ ಹೊಂದಿಸಿಟ್ಟಿದ್ದಾರೆ ಎಂದು ನಂಬುವುದು ಮನುಷ್ಯ ಸಹಜ. ದಿನವೂ ರಾತ್ರಿ ಕೆಲವೇ ಗಂಟೆಗಳಲ್ಲಿ ಹತ್ತಾರು ಕೈಗಳು ಸೇರಿ ತುಂಬಿಸುವ ಪತ್ರಿಕೆಯಲ್ಲಿ ಆಕಸ್ಮಿಕಗಳಿಗೆ ಬರವಿಲ್ಲ.

ಮಾಲೀಕ ಯಾರು ಎಂಬ ಪ್ರಶ್ನೆ

ಹಾಗಾದರೆ ಮಾಲೀಕತ್ವದ ಮೇಲಿನ ಅನುಮಾನವೂ ಇಂಥದ್ದೇ ಭ್ರಮೆಯೇ? ಅಲ್ಲ. ಅದು ಹುಟ್ಟಿದ್ದು ಒಂದು ನಿರ್ದಿಷ್ಟ ಕಾಲದಲ್ಲಿ, ನಿರ್ದಿಷ್ಟ ಕಾರಣಗಳಿಗಾಗಿ.

ಕನ್ನಡ ಪತ್ರಿಕೋದ್ಯಮದ ಮೊದಲ ದಿನಗಳಲ್ಲಿ ‘ಪತ್ರಿಕೆ ಯಾರದ್ದು?’ ಎಂದು ಯಾರೂ ಕೇಳಬೇಕಾಗಿರಲಿಲ್ಲ. 1843ರ ‘ಮಂಗಳೂರ ಸಮಾಚಾರ’ ಬಾಸೆಲ್ ಮಿಷನ್ನಿನದು, ನಡೆಸಿದವರು ಹರ್ಮನ್ ಮೋಗ್ಲಿಂಗ್ ಎಂದು ಎಲ್ಲರಿಗೂ ಗೊತ್ತಿತ್ತು. ಮೈಸೂರಿನಲ್ಲಿ ‘ವೃತ್ತಾಂತ ಚಿಂತಾಮಣಿ’ ಎಂದರೆ ತಾತಯ್ಯ ಎಂ. ವೆಂಕಟಕೃಷ್ಣಯ್ಯ. 1913ರಲ್ಲಿ ಬೆಂಗಳೂರಿನಿಂದ ಹೊರಟ ಇಂಗ್ಲಿಷ್ ಪತ್ರಿಕೆ ‘ಕರ್ನಾಟಕ’ ಎಂದರೆ ಡಿವಿಜಿ. ಸಂಪಾದಕ, ಮಾಲೀಕ, ಸಾಲಗಾರ ಮೂವರೂ ಒಬ್ಬರೇ. ಅಂದಿನ ಭಯವೆಲ್ಲ ಸರ್ಕಾರದ ಕಡೆಯಿಂದ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಕಾನೂನು ತಂದಾಗ ತಾತಯ್ಯನವರಂಥವರು ತಲೆಬಾಗಿ ನಡೆಸುವುದಕ್ಕಿಂತ ನಿಲ್ಲಿಸುವುದೇ ಮೇಲೆಂದು ಪತ್ರಿಕೆ ನಿಲ್ಲಿಸಿದರು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಚಿತ್ರ ಬದಲಾಯಿತು. ರೋಟರಿ ಯಂತ್ರ, ಟೆಲಿಪ್ರಿಂಟರ್, ಆಮದು ಕಾಗದ, ದೊಡ್ಡ ಸಿಬ್ಬಂದಿ ಇವೆಲ್ಲ ಒಬ್ಬ ಬರಹಗಾರನ ಕಿಸೆಯಿಂದ ನಡೆಯುವ ಮಾತಲ್ಲ. 1946ರಲ್ಲಿ ಉದ್ಯಮಿ ರಾಮಕೃಷ್ಣ ದಾಲ್ಮಿಯಾ ‘ಟೈಮ್ಸ್ ಆಫ್ ಇಂಡಿಯಾ’ದ ಬೆನೆಟ್, ಕೋಲ್ಮನ್ ಕಂಪನಿಯನ್ನು ಬ್ರಿಟಿಷರಿಂದ ಕೊಂಡರು, ಮುಂದೆ ಅದು ಅವರ ಅಳಿಯ ಶಾಂತಿಪ್ರಸಾದ್ ಜೈನ್ ಅವರ ಕೈಗೆ ಬಂತು. ‘ಹಿಂದೂಸ್ತಾನ್ ಟೈಮ್ಸ್’ ಬಿರ್ಲಾ ಮನೆತನದ್ದಾಗಿತ್ತು. ‘ಇಂಡಿಯನ್ ಎಕ್ಸ್‌ಪ್ರೆಸ್’ ರಾಮನಾಥ ಗೋಯೆಂಕಾ ಅವರದು. ಕಾರ್ಖಾನೆ, ಬ್ಯಾಂಕು, ವಿಮೆ, ಸೆಣಬಿನ ಗಿರಣಿಗಳ ಜೊತೆಗೆ ಪತ್ರಿಕೆಯೂ ಆಸ್ತಿಯ ಪಟ್ಟಿಗೆ ಸೇರಿತು. ಇಂಥ ಪತ್ರಿಕೆಗಳನ್ನು ಹಂಗಿಸಲು ರಾಜಕಾರಣಿಗಳ ಬಾಯಲ್ಲಿ ‘ಸೆಣಬಿನ ಪತ್ರಿಕೆಗಳು’ ಎಂಬ ಮಾತು ಹುಟ್ಟಿಕೊಂಡಿತು. ಕೃಷ್ಣ ಮೆನನ್ ಹೆಸರಿನೊಂದಿಗೆ ಅದು ಇಂದಿಗೂ ತಳುಕು ಹಾಕಿಕೊಂಡಿದೆ. 1955ರಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ದಾಲ್ಮಿಯಾ ಅವರ ವಿಮಾ ಕಂಪನಿಯ ಅವ್ಯವಹಾರ ಎತ್ತಿದರು. ಆ ಪ್ರಕರಣ ದಾಲ್ಮಿಯಾ ಅವರನ್ನು ಜೈಲಿನವರೆಗೆ ಒಯ್ದಿತು.

ಕರ್ನಾಟಕದಲ್ಲೂ ಇದರ ನೆರಳು ಕಾಣಿಸಿತು. 1948ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’ ಆರಂಭಿಸಿದ ಕೆ.ಎನ್. ಗುರುಸ್ವಾಮಿ ಅಬಕಾರಿ ವ್ಯವಹಾರದಿಂದ ಬಂದವರು. ಅವರು ಸಂಪಾದಕರಾಗಲು ಹೋಗಲಿಲ್ಲ, ಸಂಪಾದಕರನ್ನು ನೇಮಿಸಿದರು. ಬರೆಯುವವನು ಬೇರೆ, ಬಂಡವಾಳ ಹಾಕುವವನು ಬೇರೆ ಎಂಬ ಈ ಏರ್ಪಾಡು ಕೆಟ್ಟದ್ದೇನೂ ಅಲ್ಲ. ಒಳ್ಳೆಯ ಕನ್ನಡ ಪತ್ರಿಕೋದ್ಯಮದ ಬಹುಭಾಗ ಅದರಿಂದಲೇ ಸಾಧ್ಯವಾಯಿತು. ಆದರೆ ಅಲ್ಲಿಂದ ಮುಂದೆ ಓದುಗನಿಗೆ ಒಂದು ಹೊಸ ಪ್ರಶ್ನೆ ಹುಟ್ಟಿತು: ನಾನು ಓದುತ್ತಿರುವುದು ಇವರಿಬ್ಬರಲ್ಲಿ ಯಾರ ಮಾತು?

ಸರ್ಕಾರವೂ ಈ ಪ್ರಶ್ನೆಯನ್ನು ಕೇಳಿತು. ನ್ಯಾಯಮೂರ್ತಿ ಜಿ.ಎಸ್. ರಾಜಾಧ್ಯಕ್ಷ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಮೊದಲ ಪತ್ರಿಕಾ ಆಯೋಗ 1954ರಲ್ಲಿ ವರದಿ ಕೊಟ್ಟಿತು. ಐವರು ಮಾಲೀಕರ ಕೈಯಲ್ಲಿ 29 ಪತ್ರಿಕೆಗಳು, ದಿನಪತ್ರಿಕೆಗಳ ಒಟ್ಟು ಪ್ರಸಾರದ ಶೇ 31ರಷ್ಟು. ಹದಿನೈದು ಮಾಲೀಕರನ್ನು ಲೆಕ್ಕಕ್ಕೆ ಹಿಡಿದರೆ ಪ್ರಸಾರದ ಅರ್ಧ ಭಾಗ. ಬೀದಿಯಲ್ಲಿ ಓಡಾಡುತ್ತಿದ್ದ ಅನುಮಾನಕ್ಕೆ ಮೊದಲ ಬಾರಿಗೆ ಅಂಕಿ ಅಂಶದ ಬೆಂಬಲ ಸಿಕ್ಕಿತು.

ಎಷ್ಟು ಪುಟ, ಎಷ್ಟು ಪೈಸೆ

ಆಯೋಗ ಸೂಚಿಸಿದ ಪರಿಹಾರಗಳಲ್ಲಿ ಒಂದು ನೇರವಾಗಿ ಪುಟಗಳಿಗೇ ಸಂಬಂಧಿಸಿದ್ದು. ಅದನ್ನು ಅರ್ಥಮಾಡಿಕೊಳ್ಳಲು ಪತ್ರಿಕೆಯ ಪುಟ ಹೇಗೆ ತಯಾರಾಗುತ್ತದೆ ಎಂದು ಸ್ವಲ್ಪ ನೋಡಬೇಕು. ಸಂಜೆ ಉಪಸಂಪಾದಕನ ಮೇಜಿಗೆ ಬರುವ ‘ಡಮ್ಮಿ’ ಹಾಳೆ ಪೂರ್ತಿ ಖಾಲಿಯಾಗಿರುವುದಿಲ್ಲ. ಜಾಹೀರಾತು ವಿಭಾಗದವರು ತಮ್ಮ ಜಾಗಗಳನ್ನು ಮೊದಲೇ ಗುರುತಿಸಿ ಕಳಿಸಿರುತ್ತಾರೆ. ಉಳಿದ ಜಾಗದಲ್ಲಿ ಸುದ್ದಿ ಕೂರಬೇಕು. ಜಾಹೀರಾತು ಹೆಚ್ಚಿದ್ದರೆ ಪುಟ ಹೆಚ್ಚು, ಪುಟ ಹೆಚ್ಚಿದ್ದರೆ ಅದೇ ಬೆಲೆಗೆ ಓದುಗನಿಗೆ ಹೆಚ್ಚು ಸರಕು, ಓದುಗ ಹೆಚ್ಚಿದರೆ ಮತ್ತೆ ಜಾಹೀರಾತು. ಈ ಚಕ್ರದೊಳಗೆ ಸಣ್ಣ ಪತ್ರಿಕೆ ಕಾಲಿಡಲಾಗದು. ಆದ್ದರಿಂದ ಇಂತಿಷ್ಟು ಪುಟಕ್ಕೆ ಇಂತಿಷ್ಟು ಬೆಲೆ ಎಂದು ಕಾನೂನೇ ನಿಗದಿ ಮಾಡಲಿ ಎಂದಿತು ಆಯೋಗ. 1956ರಲ್ಲಿ ಅಂಥ ಕಾಯ್ದೆ ಬಂತು, 1960ರಲ್ಲಿ ಆದೇಶ ಹೊರಟಿತು.

ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ಯಾವ ಸೆಣಬಿನ ದೊರೆಯೂ ಅಲ್ಲ, ಪುಣೆಯ ಮರಾಠಿ ಪತ್ರಿಕೆ ‘ಸಕಾಳ್’. ವಾರದ ಆರು ದಿನಗಳಲ್ಲಿ ಒಟ್ಟು 34 ಪುಟಗಳನ್ನು ದಿನಕ್ಕೆ 7 ಪೈಸೆಯಂತೆ ಕೊಡುತ್ತಿದ್ದ ಆ ಪತ್ರಿಕೆ ಹೊಸ ಆದೇಶದಂತೆ ಅದೇ ಬೆಲೆಗೆ 24 ಪುಟ ಮಾತ್ರ ಕೊಡಬಹುದಿತ್ತು. 34 ಪುಟವೇ ಬೇಕೆಂದರೆ ಬೆಲೆ 8 ಪೈಸೆಗೆ ಏರಬೇಕು. ಒಂದು ಪೈಸೆಯ ಈ ಜಗಳ ಸಂವಿಧಾನದ ವಾಕ್ ಸ್ವಾತಂತ್ರ್ಯದ ಪ್ರಶ್ನೆಯಾಯಿತು. ಪುಟ ಕಡಿಮೆಯಾದರೆ ಹೇಳುವ ಮಾತು ಕಡಿಮೆಯಾಗುತ್ತದೆ, ಬೆಲೆ ಏರಿದರೆ ಕೇಳುವ ಜನ ಕಡಿಮೆಯಾಗುತ್ತಾರೆ, ಎರಡೂ ಸ್ವಾತಂತ್ರ್ಯಕ್ಕೆ ಪೆಟ್ಟು ಎಂದು ನ್ಯಾಯಾಲಯ 1961ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟು ಕಾಯ್ದೆಯನ್ನು ರದ್ದು ಮಾಡಿತು. ದೊಡ್ಡವರನ್ನು ಕಟ್ಟಿಹಾಕಲು ಹೆಣೆದ ಹಗ್ಗ ಮೊದಲು ಬಿಗಿದದ್ದು ಪ್ರಾದೇಶಿಕ ಪತ್ರಿಕೆಯೊಂದರ ಕೊರಳಿಗೆ.

ಹತ್ತು ವರ್ಷದ ನಂತರ ಸರ್ಕಾರ ಇದೇ ಯತ್ನವನ್ನು ಕಾಗದದ ಮೂಲಕ ಮಾಡಿತು. 1972–73ರ ನ್ಯೂಸ್‌ಪ್ರಿಂಟ್ ನೀತಿ ಪತ್ರಿಕೆಗೆ ಹತ್ತು ಪುಟಗಳ ಮಿತಿ ಹಾಕಿತು. ಈ ಬಾರಿ ನ್ಯಾಯಾಲಯಕ್ಕೆ ಹೋದವರು ದೊಡ್ಡವರೇ. ಪ್ರಕರಣದ ಹೆಸರೇ ಬೆನೆಟ್, ಕೋಲ್ಮನ್. ಬಹುಮತದ ತೀರ್ಪು ಪತ್ರಿಕೆಗಳ ಪರವಾಗಿ ಬಂತು. ಒಪ್ಪದೆ ಉಳಿದವರು ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಒಬ್ಬರೇ. ವಾಕ್ ಸ್ವಾತಂತ್ರ್ಯವೆಂದರೆ ಮಾತಾಡುವವನ ಹಕ್ಕಷ್ಟೇ ಅಲ್ಲ, ನಾನಾ ಬಗೆಯ ಮಾತುಗಳನ್ನು ಕೇಳುವ ಸಮಾಜದ ಹಿತವೂ ಅದರಲ್ಲಿದೆ ಎಂಬುದು ಅವರ ಭಿನ್ನ ತೀರ್ಪಿನ ತಿರುಳು. ಇವತ್ತಿಗೂ ಪತ್ರಿಕಾ ಮಾಲೀಕತ್ವದ ಬಗ್ಗೆ ಗಂಭೀರವಾಗಿ ಯೋಚಿಸುವವರು ಆ ಭಿನ್ನ ತೀರ್ಪಿಗೆ ಮರಳುತ್ತಾರೆ.

ಇಷ್ಟನ್ನು ವಿವರಿಸಿದ್ದಕ್ಕೆ ಕಾರಣವಿದೆ. ಎರಡು ದಶಕ ಕಾಲ ಆಯೋಗ, ಸಂಸತ್ತು, ನ್ಯಾಯಾಲಯ ಎಲ್ಲವೂ ಮಾಲೀಕರ ಬಲವನ್ನು ಅಳೆದದ್ದು ಪುಟದ ಸಂಖ್ಯೆ, ಬೆಲೆ, ಪ್ರಸಾರ, ಜಾಹೀರಾತಿನ ಪ್ರಮಾಣ ಎಂಬ ಕಣ್ಣಿಗೆ ಕಾಣುವ ಅಳತೆಗಳಲ್ಲಿ. ಅವರ ಪ್ರಭಾವ ಇದ್ದದ್ದು ಅಲ್ಲೇ. ಗುಪ್ತ ಸಂದೇಶಗಳು ಪುಟಕ್ಕೆ ಬಂದದ್ದು ಅದರ ನಂತರ, 1975ರಲ್ಲಿ.

ಖಾಲಿ ಜಾಗ ಮತ್ತು ಒಂದು ನಿಧನ ವಾರ್ತೆ

1975ರ ಜೂನ್ 25ರ ರಾತ್ರಿ ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದಲ್ಲಿ ಕರೆಂಟು ಹೋಯಿತು. ಹಲವು ಪತ್ರಿಕೆಗಳ ಮುದ್ರಣಾಲಯಗಳಿದ್ದ ರಸ್ತೆ ಅದು. ತುರ್ತು ಪರಿಸ್ಥಿತಿಯ ಸುದ್ದಿ ಮರುದಿನ ಅಚ್ಚಾಗದಿರಲಿ ಎಂಬುದೇ ಉದ್ದೇಶ. 26ರಂದು ಬೆಂಗಳೂರಿನಲ್ಲಿದ್ದ ವಾಜಪೇಯಿ ಮತ್ತು ಅಡ್ವಾಣಿ ಅವರ ಬಂಧನವಾಯಿತು. ಸೆನ್ಸಾರ್ ಜಾರಿಗೆ ಬಂತು. ಬಂಧಿತರ ಹೆಸರುಗಳನ್ನೂ ಅಚ್ಚು ಮಾಡುವಂತಿರಲಿಲ್ಲ.

ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಅದು ಸಂಕೇತವೂ ಹೌದು, ಸಂಕೇತವಲ್ಲವೂ ಹೌದು. ಏನೂ ಬರೆಯದೆ ಎಲ್ಲ ಹೇಳಿದಂತಿತ್ತು. ಇದು ಸೆನ್ಸಾರಿಗೆ ಎಷ್ಟು ಚುಚ್ಚಿತೆಂದರೆ ಸಂಪಾದಕೀಯದ ಜಾಗ ಖಾಲಿ ಬಿಡಬಾರದು ಎಂಬ ಸೂಚನೆ ಹೊರಟಿತು. ಗಾಂಧಿ, ಟ್ಯಾಗೋರ್, ನೆಹರೂ ಅವರಂಥವರ ಮಾತುಗಳನ್ನು ಉದ್ಧರಿಸಿ ಆ ಜಾಗ ತುಂಬುವುದಕ್ಕೂ ಅಡ್ಡಿ ಬಂತು. ಮೌನಕ್ಕೂ ಅನುಮತಿ ಬೇಕಾಗಿದ್ದ ಕಾಲ.

ಅದೇ ದಿನಗಳಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದ ಮುಂಬೈ ಆವೃತ್ತಿಯಲ್ಲಿ, ನಿಧನ ವಾರ್ತೆಗಳ ಸಾಲಿನಲ್ಲಿ ಒಂದು ಪುಟ್ಟ ಪ್ರಕಟಣೆ ಬಂತು. ಡಿ.ಇ.ಎಂ. ಡಿ’ಓಕ್ರೆಸಿ ಎಂಬ ವ್ಯಕ್ತಿ ಜೂನ್ 26ರಂದು ತೀರಿಕೊಂಡಿದ್ದಾರೆ. ಅವರ ಹೆಂಡತಿ ಟಿ. ರೂತ್, ಮಗ ಎಲ್.ಐ. ಬರ್ಟಿ, ಒಡಹುಟ್ಟಿದವರು ಫೇತ್, ಹೋಪ್, ಜಸ್ಟೀಸಿಯಾ. ಇಂಗ್ಲಿಷಿನಲ್ಲಿ ಓದಿಕೊಂಡರೆ ಸತ್ತವರು ಯಾರೆಂದು ತಕ್ಷಣ ತಿಳಿಯುತ್ತದೆ: ಸತ್ಯದ ಗಂಡ, ಸ್ವಾತಂತ್ರ್ಯದ ತಂದೆ, ನಂಬಿಕೆ, ಭರವಸೆ, ನ್ಯಾಯಗಳ ಸೋದರನಾದ ಪ್ರಜಾಪ್ರಭುತ್ವ. ಅದನ್ನು ಕೊಟ್ಟವರು ಅಶೋಕ್ ಮಹಾದೇವನ್ ಎಂಬ ಪತ್ರಕರ್ತ, ಅದೂ ಸಾಮಾನ್ಯ ಗಿರಾಕಿಯಂತೆ, ದುಡ್ಡು ಕಟ್ಟಿ. ಪತ್ರಿಕೆಯ ಆಡಳಿತಕ್ಕಾಗಲೀ ಸಂಪಾದಕರಿಗಾಗಲೀ ಇದರ ಸುಳಿವಿರಲಿಲ್ಲ.

ಭಾರತದ ಪತ್ರಿಕೆಯ ಪುಟವಿನ್ಯಾಸದಲ್ಲಿ ಅಡಗಿದ್ದ ಗುಪ್ತ ಸಂದೇಶಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮುಖಪುಟದಲ್ಲಿ ಜಾಗವಿಲ್ಲದವನು ನಿಧನ ವಾರ್ತೆಯ ಕಾಲಂ ಹುಡುಕಿಕೊಂಡ. ನೇರವಾಗಿ ಹೇಳಿದರೆ ಜೈಲು ಎಂಬ ಭಯವಿದ್ದುದರಿಂದ ಹೆಸರುಗಳನ್ನು ತುಂಡರಿಸಿ ಹೇಳಿದ. ನಮ್ಮ ಜನಪದರ ಒಗಟುಗಳ ಹಾಗೆ, ಗದ್ದುಗೆಯಲ್ಲಿ ಕೂತವನಿಗೆ ಅರ್ಥವಾಗದೆ ಎದುರಿಗೆ ಕೂತವರಿಗೆ ಅರ್ಥವಾಗಬೇಕಾದ ಮಾತು ಅದು.

ಇನ್ನೊಂದು ಬದಲಾವಣೆ ಅದಕ್ಕಿಂತ ಸಣ್ಣದು. ಲಖನೌದಲ್ಲಿ ನೆಹರೂ ಸ್ಥಾಪಿಸಿದ ‘ನ್ಯಾಷನಲ್ ಹೆರಾಲ್ಡ್’ ಪತ್ರಿಕೆ, ಸ್ವಾತಂತ್ರ್ಯ ಅಪಾಯದಲ್ಲಿದೆ, ಸರ್ವಶಕ್ತಿಯಿಂದ ಕಾಪಾಡಿ ಎಂಬರ್ಥದ ಘೋಷವಾಕ್ಯವನ್ನು ತಲೆಬರಹದ ಬಳಿ ಅಚ್ಚು ಮಾಡುತ್ತಿತ್ತು. ತುರ್ತು ಪರಿಸ್ಥಿತಿಯಲ್ಲಿ ಆ ಸಾಲು ಅಲ್ಲಿಂದ ಮಾಯವಾಯಿತು. ಇಲ್ಲಿ ಬಿಡಿಸಬೇಕಾದ ಒಗಟಿಲ್ಲ. ನಿನ್ನೆ ಇದ್ದದ್ದು ಇಂದು ಇಲ್ಲ ಎಂದು ಗಮನಿಸಿದರೆ ಸಾಕು.

ಅದೇ ಹೊತ್ತಿಗೆ ಆಡಳಿತ ಮಂಡಳಿಯಲ್ಲಿ

ಬರೆಯುವವರು ಹೀಗೆ ಸಂಕೇತಗಳನ್ನು ಹುಡುಕುತ್ತಿದ್ದಾಗ ಮಾಲೀಕರು ಮತ್ತು ಸರ್ಕಾರ ಏನು ಮಾಡುತ್ತಿದ್ದರು? ಅವರ ಕೆಲಸವೆಲ್ಲ ನಡೆದದ್ದು ಕಾಗದಪತ್ರ, ಸಭೆ, ನೇಮಕಾತಿಗಳಲ್ಲಿ.

‘ಹಿಂದೂಸ್ತಾನ್ ಟೈಮ್ಸ್’ ಸಂಪಾದಕ ಬಿ.ಜಿ. ವರ್ಗೀಸ್ 1974ರಲ್ಲಿ ಸಿಕ್ಕಿಂ ಕುರಿತ ಸರ್ಕಾರದ ನಡೆಯನ್ನು ಟೀಕಿಸಿ ಬರೆದರು. ಮಾಲೀಕ ಕೆ.ಕೆ. ಬಿರ್ಲಾ ಅವರನ್ನು ತೆಗೆಯಲು ಮುಂದಾದರು. ದೂರು ಪತ್ರಿಕಾ ಮಂಡಳಿಯ ಮುಂದೆ ಹೋಯಿತು. ಮೊದಲ ಪತ್ರಿಕಾ ಆಯೋಗದ ಶಿಫಾರಸಿನಿಂದಲೇ 1966ರಲ್ಲಿ ಹುಟ್ಟಿದ ಮಂಡಳಿ ಅದು. 1975ರಲ್ಲಿ ವರ್ಗೀಸ್ ಕೆಲಸ ಕಳೆದುಕೊಂಡರು. ಅದೇ ವರ್ಷ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1976ರ ಜನವರಿ 1ರಿಂದ ಪತ್ರಿಕಾ ಮಂಡಳಿಯೇ ಇಲ್ಲವಾಯಿತು.

‘ಇಂಡಿಯನ್ ಎಕ್ಸ್‌ಪ್ರೆಸ್’ ವಿಷಯದಲ್ಲಿ ದಾರಿ ಇನ್ನೂ ನೇರವಾಗಿತ್ತು. ಆಡಳಿತ ಮಂಡಳಿಯನ್ನೇ ಬದಲಿಸಿ, ಅದರ ಅಧ್ಯಕ್ಷರಾಗಿ ಕೆ.ಕೆ. ಬಿರ್ಲಾ ಅವರನ್ನು ತರಲಾಯಿತು. ಸಂಪಾದಕ ಎಸ್. ಮುಳ್ಗಾಂವ್ಕರ್ ಹೊರಗೆ ಹೋಗಬೇಕಾಯಿತು. ಸರ್ಕಾರಿ ಜಾಹೀರಾತು ನಿಂತಿತು. ಕನ್ನಡದ ಓದುಗರಿಗೂ ಇದು ದೂರದ ಸಂಗತಿಯಾಗಿರಲಿಲ್ಲ, 1967ರಿಂದ ಬೆಂಗಳೂರಿನಲ್ಲಿ ಹೊರಡುತ್ತಿದ್ದ ‘ಕನ್ನಡಪ್ರಭ’ ಇದೇ ಬಳಗದ್ದು. ‘ಟೈಮ್ಸ್ ಆಫ್ ಇಂಡಿಯಾ’ದ ಕಥೆ ಬೇರೆ. 1969ರಲ್ಲಿ ಬಾಂಬೆ ಹೈಕೋರ್ಟ್ ಆ ಕಂಪನಿಯ ಆಡಳಿತ ಮಂಡಳಿಯನ್ನು ಪುನಾರಚಿಸಿತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅದರ ನಿಯಂತ್ರಣ ಜೈನ್ ಮನೆತನಕ್ಕೆ ಮರಳಿತು. ಸುದ್ದಿಸಂಸ್ಥೆಗಳಿಗೂ ಇದೇ ಗತಿ: 1976ರಲ್ಲಿ ಪಿಟಿಐ, ಯುಎನ್‌ಐ ಸೇರಿ ನಾಲ್ಕನ್ನು ಕೂಡಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆ ಮಾಡಿದರು. ದೇಶದ ಅಷ್ಟೂ ಪತ್ರಿಕೆಗಳಿಗೆ ಸುದ್ದಿ ಹರಿದುಬರುವ ಕೊಳವೆಯೇ ಒಂದಾದ ಮೇಲೆ ಯಾವ ಪುಟದಲ್ಲಿ ಯಾವ ಶೀರ್ಷಿಕೆ ಎಲ್ಲಿ ಕೂತಿದೆ ಎಂದು ನೋಡಿ ಏನು ಪ್ರಯೋಜನ?

ಸಂಪಾದಕನನ್ನು ಬದಲಿಸಬಲ್ಲವನು ಶೀರ್ಷಿಕೆಗಳ ಮೊದಲ ಅಕ್ಷರ ಜೋಡಿಸಿ ಗುಟ್ಟು ಹೇಳಬೇಕಾಗಿಲ್ಲ. ಅವನ ಮಾತು ಹೊಸ ಸಂಪಾದಕನ ನೇಮಕದಲ್ಲಿದೆ, ಬಾರದೆ ಹೋದ ಸುದ್ದಿಯಲ್ಲಿದೆ, ನಿಂತುಹೋದ ಅಂಕಣದಲ್ಲಿದೆ. ಡೆಸ್ಕಿನಲ್ಲಿ ಕೂತವರಿಗೆ ಕ್ರಮೇಣ ಹೇಳಿಸಿಕೊಳ್ಳುವ ಅಗತ್ಯವೂ ಉಳಿಯುವುದಿಲ್ಲ. ಯಾವ ಸುದ್ದಿ ಒಳಪುಟಕ್ಕೆ ಹೋಗಬೇಕೆಂದು ಅವರ ಕೈಗೇ ಅಭ್ಯಾಸವಾಗಿರುತ್ತದೆ.

ಜಾಹೀರಾತಿಲ್ಲದ ಪತ್ರಿಕೆ, ಜಾಹೀರಾತೇ ಆದ ಸುದ್ದಿ

ತುರ್ತು ಪರಿಸ್ಥಿತಿ ಮುಗಿದ ಮೂರು ವರ್ಷಕ್ಕೆ ಕನ್ನಡದಲ್ಲಿ ಈ ಇಡೀ ಚರ್ಚೆಗೆ ಒಂದು ಉತ್ತರ ಬಂತು. 1980ರಲ್ಲಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು, ಜಾಹೀರಾತು ತೆಗೆದುಕೊಳ್ಳುವುದಿಲ್ಲ ಎಂಬ ನಿರ್ಧಾರದೊಂದಿಗೆ. ರಾಜಾಧ್ಯಕ್ಷ ಆಯೋಗ ಕಾನೂನಿನಿಂದ ಮುರಿಯಲು ಹೊರಟ ಚಕ್ರವನ್ನು ಅವರು ಹೊರಗಿನಿಂದಲೇ ನಿರಾಕರಿಸಿದರು. ಮತ್ತೆ ಸಂಪಾದಕ, ಮಾಲೀಕ ಒಬ್ಬನೇ. ಓದುಗನ ಕಾಸಿನಿಂದಲೇ ಪತ್ರಿಕೆ ನಡೆಯಬೇಕು. ಸರಳವಾದ ಕಪ್ಪು ಬಿಳುಪು ಪುಟಗಳಲ್ಲಿ ಹೇಳಬೇಕಾದ್ದನ್ನು ಅದು ಹೆಸರು ಹಿಡಿದು ಹೇಳಿತು. ಈ ದಾರಿಗೂ ಅದರದೇ ಬೆಲೆಯಿತ್ತು. ಕೊಳ್ಳುವವನನ್ನೇ ನಂಬಿದ ಪತ್ರಿಕೆ ಅವನ ರುಚಿಯನ್ನೂ ನೋಡಿಕೊಳ್ಳಬೇಕಾಗುತ್ತದೆ, ಅದರ ಹಾದಿಯಲ್ಲೇ ಬಂದ ಎಷ್ಟೋ ಟ್ಯಾಬ್ಲಾಯ್ಡ್‌ಗಳು ಆ ರುಚಿಗೇ ಬಲಿಯಾದವು. ಆದರೂ ಓದುಗನಿಗೆ ಅಲ್ಲೊಂದು ಸವಲತ್ತಿತ್ತು: ಅದು ಯಾರ ಮಾತು ಎಂಬ ಗೊಂದಲವಿರಲಿಲ್ಲ.

ಮುಖ್ಯವಾಹಿನಿ ಬೇರೆ ಕಡೆ ಹರಿಯಿತು. 1999ರಲ್ಲಿ ಸಾರಿಗೆ ಉದ್ಯಮಿ, ಆಗ ಸಂಸದರೂ ಆಗಿದ್ದ ವಿಜಯ ಸಂಕೇಶ್ವರ ‘ವಿಜಯ ಕರ್ನಾಟಕ’ ಆರಂಭಿಸಿದರು. ಕಡಿಮೆ ಬೆಲೆ, ಹಲವು ಊರುಗಳಿಂದ ಆವೃತ್ತಿ ಎಂಬ ಸೂತ್ರದಿಂದ ಅದು ಬೇಗನೆ ಮುಂಚೂಣಿಗೆ ಬಂತು. 2006ರಲ್ಲಿ ಬೆನೆಟ್, ಕೋಲ್ಮನ್ ಕಂಪನಿ ಅದನ್ನು ಕೊಂಡಿತು. ಪುಟ ಮತ್ತು ಪೈಸೆಯ ಮೇಲೆ 1972ರಲ್ಲಿ ಮೊಕದ್ದಮೆ ಗೆದ್ದ ಕಂಪನಿ ಕನ್ನಡದ ದೊಡ್ಡ ಪತ್ರಿಕೆಯೊಂದರ ಒಡೆತನಕ್ಕೆ ಬಂದದ್ದು ಹೀಗೆ. ಅದೇ ಕಂಪನಿ 2003ರಲ್ಲಿ ‘ಮೀಡಿಯಾನೆಟ್’ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತ್ತು. ಪುರವಣಿಗಳಲ್ಲಿ ಕೆಲವು ಬಗೆಯ ಬರಹಗಳಿಗೆ ಹಣ ಪಡೆಯುವ ಏರ್ಪಾಡು ಅದು. ನಂತರ ಬಂದ ‘ಪ್ರೈವೇಟ್ ಟ್ರೀಟೀಸ್’ ಯೋಜನೆಯಲ್ಲಿ ಜಾಹೀರಾತಿನ ಜಾಗಕ್ಕೆ ಬದಲಾಗಿ ಕಂಪನಿಗಳ ಷೇರು ಪಡೆಯಲಾಯಿತು. ಇವೂ ಕತ್ತಲಲ್ಲಿ ನಡೆದ ಪಿತೂರಿಗಳಲ್ಲ, ಹೆಸರಿಟ್ಟು ನಡೆಸಿದ ವ್ಯವಹಾರಗಳು.

2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ವೇಳೆ ಪತ್ರಕರ್ತ ಪಿ. ಸಾಯಿನಾಥ್ ಹಿಡಿದದ್ದೂ ಇಂಥದ್ದೇ ಬಯಲಿನಲ್ಲಿದ್ದ ವಸ್ತು. ಒಬ್ಬ ನಾಯಕರನ್ನು ಹೊಗಳುವ ಒಂದೇ ಲೇಖನ ಅಕ್ಷರವೂ ಬದಲಾಗದೆ ಒಂದಕ್ಕಿಂತ ಹೆಚ್ಚು ಮರಾಠಿ ಪತ್ರಿಕೆಗಳಲ್ಲಿ ಸುದ್ದಿಯ ರೂಪದಲ್ಲಿ ಬಂದಿತ್ತು. ಯಾವುದರಲ್ಲೂ ‘ಜಾಹೀರಾತು’ ಎಂಬ ಪದವಿರಲಿಲ್ಲ. ಅದನ್ನು ಕಂಡುಹಿಡಿಯಲು ಅಕ್ಷರ ಕೂಡಿಸಿ ಕಳೆಯುವ ಜಾಣತನ ಬೇಕಾಗಿರಲಿಲ್ಲ. ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ತಾಳ್ಮೆ ಬೇಕಿತ್ತು. ಭಾರತೀಯ ಪತ್ರಿಕಾ ಮಂಡಳಿ ಕಾಸಿಗಾಗಿ ಸುದ್ದಿಯ ಬಗ್ಗೆ ಉಪಸಮಿತಿ ನೇಮಿಸಿತು. ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಸಿದ್ಧಪಡಿಸಿದ 71 ಪುಟಗಳ ವರದಿಯಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. 2010ರಲ್ಲಿ ಮಂಡಳಿ ಬಿಡುಗಡೆ ಮಾಡಿದ್ದು ಹೆಸರುಗಳಿಲ್ಲದ ಚಿಕ್ಕ ವರದಿ. ಮಾಹಿತಿ ಆಯೋಗ ಆದೇಶಿಸಿದ ಮೇಲೆ 2011ರಲ್ಲಷ್ಟೇ ಪೂರ್ತಿ ವರದಿ ಹೊರಬಂತು. ತಮ್ಮ ವೃತ್ತಿಯ ಮೇಲಿನ ಆರೋಪವನ್ನು ತಮ್ಮ ಪುಟಗಳಲ್ಲಿ ದೊಡ್ಡದಾಗಿ ಚರ್ಚಿಸಿದ ಪತ್ರಿಕೆಗಳು ಕಡಿಮೆ.

ನಮೂನೆ 4

ಮುಖಪುಟಕ್ಕೆ ಕೆಂಪು ಸುತ್ತು ಹಾಕುವ ಗೆಳೆಯರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಅವರ ಅನುಮಾನದ ಮೂಲ ಸರಿಯಾಗಿದೆ. ಆದರೆ ಆ ಅನುಮಾನ ಒಗಟು ಬಿಡಿಸುವ ಆಟವಾದರೆ ನಷ್ಟ ಯಾರಿಗೆ? ಇಲ್ಲದ ಸಂಕೇತವನ್ನು ಕಂಡೆವೆಂದು ಹೇಳಿದ ದಿನ, ಇರುವ ಹಿತಾಸಕ್ತಿಯ ಬಗ್ಗೆ ನಾವು ಹೇಳಿದ ಮಾತಿಗೂ ಬೆಲೆ ಹೋಗುತ್ತದೆ. ‘ಇವರಿಗೆ ಎಲ್ಲದರಲ್ಲೂ ಪಿತೂರಿಯೇ ಕಾಣುತ್ತದೆ’ ಎಂದು ನಕ್ಕುಬಿಡುವುದು ಮಾಲೀಕನಿಗೆ ಸುಲಭ. ‘ನಿಮ್ಮ ಇತರ ವ್ಯವಹಾರಗಳ ಬಗ್ಗೆ ಕಳೆದ ವರ್ಷ ಎಷ್ಟು ಸುದ್ದಿ ಕೊಟ್ಟಿರಿ?’ ಎಂಬ ಪ್ರಶ್ನೆಗೆ ಹಾಗೆ ನಗಲು ಬರುವುದಿಲ್ಲ.

ಮೊದಲ ಪತ್ರಿಕಾ ಆಯೋಗದ ಎಷ್ಟೋ ಶಿಫಾರಸುಗಳು ನ್ಯಾಯಾಲಯದಲ್ಲಿ ಬಿದ್ದುಹೋದವು. ಅದರ ಹಿಂದೆಯೇ ಬಂದ ಒಂದು ನಿಯಮ ಮಾತ್ರ ದಶಕಗಳ ಕಾಲ ಸದ್ದಿಲ್ಲದೆ ಉಳಿಯಿತು. 1956ರ ಪತ್ರಿಕಾ ನೋಂದಣಿ ನಿಯಮಗಳ ಪ್ರಕಾರ ಪ್ರತಿ ಪತ್ರಿಕೆಯೂ ವರ್ಷಕ್ಕೊಮ್ಮೆ, ಫೆಬ್ರವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂಬ ಹೇಳಿಕೆ ಪ್ರಕಟಿಸಬೇಕಿತ್ತು. ಪ್ರಕಟಣೆಯ ಸ್ಥಳ, ಮುದ್ರಕರು, ಪ್ರಕಾಶಕರು, ಸಂಪಾದಕರು, ಕೊನೆಗೆ ಮಾಲೀಕರು ಮತ್ತು ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವ ಎಲ್ಲರ ಹೆಸರು, ವಿಳಾಸ. ಹಳೆಯ ಕಟ್ಟುಗಳಲ್ಲಿ ಮಾರ್ಚ್ ತಿಂಗಳ ಸಂಚಿಕೆ ತೆರೆದರೆ ಯಾವುದೋ ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಗಳ ನಡುವೆ, ಪುಟದ ಅತ್ಯಂತ ಸಣ್ಣ ಅಕ್ಷರದಲ್ಲಿ ಅದು ಸಿಗುತ್ತದೆ.

ಅದನ್ನು ವರ್ಷದಿಂದ ವರ್ಷಕ್ಕೆ ಹೋಲಿಸುತ್ತಾ ಹೋದರೆ ಹೆಸರುಗಳು ಬದಲಾಗುವುದು ಕಾಣುತ್ತದೆ. ವ್ಯಕ್ತಿಯ ಜಾಗಕ್ಕೆ ಕಂಪನಿ ಬರುತ್ತದೆ, ಕಂಪನಿಯ ಜಾಗಕ್ಕೆ ಇನ್ನೊಂದು ಕಂಪನಿ. ಪತ್ರಿಕೆ ಯಾರದ್ದು ಎಂಬ ಪ್ರಶ್ನೆಗೆ ಪತ್ರಿಕೆಯೇ ಅಚ್ಚು ಹಾಕಿ ಕೊಟ್ಟ ಉತ್ತರವದು. ಸುತ್ತು ಹಾಕಲು ಕೆಂಪು ಶಾಯಿ ಬೇಕಾದದ್ದು ಅಲ್ಲಿ. ಆಮೇಲೆ ಆ ಹೆಸರುಗಳನ್ನು ಇಟ್ಟುಕೊಂಡು ಮುಖಪುಟಕ್ಕೆ ಮರಳಿ, ಅಲ್ಲಿ ಏನೇನು ಬಂದಿಲ್ಲ ಎಂದು ಹುಡುಕಬೇಕು.